ಏಳನೇ ನಿಮಿಷದ ಗಂಟೆ

ನವೆಂಬರ್ ೨, ಭಾನುವಾರ

ನಾಳೆ ಬೆಳಿಗ್ಗೆ ವಿಮಾನ. ಹಿತ್ತಾಳೆಯ ಕೈಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ, ಹಳೆಯ ಟವೆಲಿನಲ್ಲಿ ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟಿದ್ದೇನೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾರಿಸಿಕೊಂಡೇ ಬರುತ್ತದೆ. "ಗಂಟೆಯ ನಾಲಿಗೆ ಕಟ್ಟಬಹುದು, ನಿನ್ನ ತಂಗಿದು ಕಟ್ಟೋಕಾಗಲ್ಲ" ಎಂದು ಅಮ್ಮ ನಕ್ಕಳು.

ನಾನು ಹೊರಟಿರುವುದು ನನಗೇ ನಂಬಿಕೆಯಾಗದ ಕಾರಣ, ಹೇಗಾಯಿತೆಂದು ಬರೆದಿಡುತ್ತೇನೆ. ನಮ್ಮ ಕಾಲೇಜಿನ ಚರ್ಚಾ ತಂಡವನ್ನು ಹೊರದೇಶದ ನಾಲ್ಕು ಕಾಲೇಜುಗಳು ಕರೆದಿವೆ. ತಂಡದಲ್ಲಿ ಇಬ್ಬರು ಹುಡುಗಿಯರು: ನನ್ನ ತಂಗಿ ಮತ್ತು ಗಿಣಿ. ಒಮ್ಮೆ ಕೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತಾಳೆಂದು ಅವಳಿಗೆ ಆ ಹೆಸರು. ಜೊತೆಗೆ ತರ್ಕ ಕಲಿಸುವ ಸರ್. ಹುಡುಗಿಯರ ಜೊತೆ ಒಬ್ಬ ಹೆಂಗಸು ಇರಲೇಬೇಕು ಎಂಬುದು ಕಾಲೇಜಿನ ನಿಯಮ. ಹೋಗಬೇಕಿದ್ದ ಮೇಡಂ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು. ಹೇಳಿದ ಕೂಡಲೇ ಹೊರಡಬಲ್ಲವಳು, ಪಾಸ್‌ಪೋರ್ಟ್ ಇದ್ದವಳು ಅಂತ ಹುಡುಕಿದರೆ ಸಿಕ್ಕಿದ್ದು ನಾನು, ಅಟೆಂಡರ್. ಮೂರು ವರ್ಷದ ಹಿಂದೆ ಹೊರದೇಶಕ್ಕೆ ಮನೆಗೆಲಸಕ್ಕೆ ಹೋಗಲೆಂದು ಮಾಡಿಸಿದ ಪಾಸ್‌ಪೋರ್ಟ್ ಅದು. ಹೊರಡುವ ವಾರವೇ ತಂಗಿಗೆ ಟೈಫಾಯ್ಡ್ ಬಂತು. ಹೋಗಲಿಲ್ಲ. ಅದರಲ್ಲಿ ಒಂದು ಮುದ್ರೆಯೂ ಬಿದ್ದಿಲ್ಲ.

ಅಲ್ಲಿಯ ಪದ್ಧತಿ ಹೀಗಂತೆ: ತೀರ್ಪು ಕೊಡುವವರು ಅವರ ಕಡೆಯವರು, ಗಂಟೆ ಬಾರಿಸುವವರು ಬಂದ ತಂಡದವರು. "ಗಂಟೆ ವಿಷಯದಲ್ಲಿ ಇವಳ ಮುಂದೆ ಯಾರಿದ್ದಾರೆ?" ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. ಆರು ವರ್ಷದಿಂದ ಕಾಲೇಜಿನ ಗಂಟೆ ಹೊಡೆಯುವವಳು ನಾನೇ. ಹುಡುಗರು ನನ್ನನ್ನು ಗಂಟೆಯಕ್ಕ ಎನ್ನುತ್ತಾರೆ.

ಸರ್ ಕರೆದು ನಿಯಮ ಹೇಳಿದರು. ಆರನೇ ನಿಮಿಷಕ್ಕೆ ಒಂದು ಸಲ ಬಾರಿಸಬೇಕು. ಏಳಕ್ಕೆ ಎರಡು ಸಲ. ಆಮೇಲೆ ಆಡಿದ ಮಾತು ಲೆಕ್ಕಕ್ಕಿಲ್ಲ, ಹತ್ತು ಸೆಕೆಂಡಿಗೆ ಒಂದು ಅಂಕ ಕಡಿತ. ಪ್ರತಿಯೊಬ್ಬರ ಸಮಯವನ್ನೂ ಹಾಳೆಯಲ್ಲಿ ಬರೆದು ನಾನು ಸಹಿ ಮಾಡಬೇಕು. ಕೊನೆಯ ಕಾಲೇಜಿಗೆ ಎಲ್ಲ ಹಾಳೆಗಳನ್ನೂ ಕೊಡಬೇಕು.

"ಇನ್ನೊಂದು ವಿಷಯ," ಎಂದರು. "ಅಲ್ಲಿ ಅಕ್ಕ ತಂಗಿ ಅಂತ ತೋರಿಸ್ಕೋಬೇಡಿ. ಗಂಟೆ ಹೊಡೆಯೋರು ಮನೆಯವರು ಅಂತ ಗೊತ್ತಾದ್ರೆ ಸುಮ್ಮನೆ ಅನುಮಾನ."

ತಂಗಿ ತಕ್ಷಣ ಒಪ್ಪಿದಳು. "ಸರಿ ಸರ್. ಇವತ್ತಿಂದ ಇವರು ಗಂಟೆ ಮೇಡಂ."

ಎಲ್ಲರೂ ನಕ್ಕರು. ನಾನೂ.

ನವೆಂಬರ್ ೪, ಮಂಗಳವಾರ

ವಿಮಾನದಲ್ಲಿ ಬಾಯಾರಿ ಗಂಟಲು ಒಣಗಿತ್ತು. ನೀರು ಕೊಡುವಾಕೆ ನಾಲ್ಕು ಸಲ ಪಕ್ಕದಲ್ಲಿ ಹಾದುಹೋದಳು. ಕೇಳಲಾಗಲಿಲ್ಲ. ತಂಗಿ ಎರಡು ಸಾಲು ಮುಂದೆ ಕೂತಿದ್ದಳು, ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ನಾನು ಗಂಟೆ ಮೇಡಂ.

ಇಳಿದುಕೊಂಡ ಜಾಗ ಒಂದು ವಿದ್ಯಾರ್ಥಿನಿಲಯ. ಉದ್ದದ ಓಣಿ, ಎರಡೂ ಕಡೆ ಒಂದೇ ಥರದ ಬಾಗಿಲುಗಳು. ನನಗೆ ಬೇರೆ ಕೋಣೆ. ಕಿಟಕಿಯಿಂದ ಸೈಕಲ್ ನಿಲ್ಲಿಸುವ ಜಾಗ ಕಾಣುತ್ತದೆ. ಹುಟ್ಟಿದಾಗಿನಿಂದ ಒಬ್ಬಳೇ ಒಂದು ಕೋಣೆಯಲ್ಲಿ ಮಲಗಿದವಳಲ್ಲ. ಬೆಳಿಗ್ಗೆ ಎದ್ದಾಗ ತಂಗಿಗೆ ಹೊದಿಸಲೆಂದು ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಗೋಡೆ ಸಿಕ್ಕಿತು.

ಇಂದು ತಿಳಿದ ಸುದ್ದಿ. ಈ ನಾಲ್ಕು ಕಾಲೇಜಿನವರು ತಮ್ಮತಮ್ಮಲ್ಲೂ ವಾದ ಮಾಡುತ್ತಿದ್ದಾರೆ. ಪ್ರತಿ ಭಾಷಣಕಾರರ ನಾಲ್ಕು ವಾದಗಳ ಅಂಕ ಕೂಡಿಸಿ, ಎಲ್ಲರಿಗಿಂತ ಹೆಚ್ಚು ಬಂದ ಒಬ್ಬರಿಗೆ ಕೊನೆಯ ಕಾಲೇಜಿನಲ್ಲಿ ಎರಡು ವರ್ಷದ ಓದಿನ ಸೀಟು. ಊಟ, ವಸತಿ, ಪುಸ್ತಕ ಎಲ್ಲ ಅವರದೇ. ಒಂದೇ ಸೀಟು. ಸರ್ ಇದನ್ನು ಹೇಳುವಾಗ ತಂಗಿ ಮುಂದಲೆಯ ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ಬೇಕಾದದ್ದನ್ನು ಕೇಳುವ ಮೊದಲು ಹಾಗೆಯೇ ಮಾಡುತ್ತಿದ್ದಳು.

ನವೆಂಬರ್ ೫, ಬುಧವಾರ

ಮೊದಲ ವಾದ ಮುಗಿಯಿತು. ಗೆದ್ದರು.

ಎರಡೂ ಕಡೆಯವರಿಗೆ ನಡುವೆ ನನ್ನ ಮೇಜು. ಮೇಜಿನ ಮೇಲೆ ಗಂಟೆ, ಸ್ಟಾಪ್‌ವಾಚ್, ಹಾಳೆ, ಪೆನ್ಸಿಲ್. ನೂರಾರು ಜನರ ಎದುರು ಕೂರುವುದೆಂದರೆ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಆದರೆ ಯಾರೂ ನನ್ನನ್ನು ನೋಡುವುದಿಲ್ಲ, ಗಂಟೆಯನ್ನು ಕೇಳುತ್ತಾರೆ ಅಷ್ಟೆ ಎಂದು ಹತ್ತು ನಿಮಿಷದಲ್ಲಿ ತಿಳಿಯಿತು.

ವಾದ ನಡೆಯುವುದು ಅವರ ಭಾಷೆಯಲ್ಲಿ. ನನಗೆ ಅಲ್ಲೊಂದು ಇಲ್ಲೊಂದು ಪದ ಹಿಡಿಯುತ್ತದೆ. ಆದರೂ ತಂಗಿ ಎಲ್ಲಿದ್ದಾಳೆಂದು ಗೊತ್ತಾಗುತ್ತದೆ. ಅವಳು ಮೊದಲು ನಮ್ಮ ಭಾಷೆಯಲ್ಲಿ ಬರೆದು ಮನೆಯಲ್ಲಿ ಒಲೆಯ ಮುಂದೆ ನಿಂತು ಒಪ್ಪಿಸಿದವಳು. ಎಲ್ಲಿ ಕೈ ಎತ್ತುತ್ತಾಳೆ, ಎಲ್ಲಿ ಉಸಿರು ತೆಗೆಯುತ್ತಾಳೆ ಎಲ್ಲ ನನಗೆ ಬಾಯಿಪಾಠ.

ಒಂದು ವಿಷಯ ಮನಸ್ಸಿನಲ್ಲೇ ಉಳಿಯಿತು. ಒಬ್ಬರು ಏಳು ನಿಮಿಷ ಮಾತಾಡಿದರೆ ಎದುರಿನವರಿಗೂ ಏಳು ನಿಮಿಷ. ಜೋರು ದನಿಯವರಿಗೂ ಅಷ್ಟೆ, ಮೆಲ್ಲನೆಯವರಿಗೂ ಅಷ್ಟೆ. ಇನ್ನೊಬ್ಬರ ಸಮಯವನ್ನು ಯಾರೂ ತೆಗೆದುಕೊಳ್ಳುವಂತಿಲ್ಲ. ಇಷ್ಟು ಸರಳವಾದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನವೆಂಬರ್ ೮, ಶನಿವಾರ

ಎರಡನೆಯದನ್ನೂ ಗೆದ್ದರು. ಸರ್ ಇಂದು ಎಲ್ಲರ ಅಂಕ ತಿಳಿದುಕೊಂಡು ಬಂದರು. ತಂಗಿಗೆ ಪೈಪೋಟಿ ಒಬ್ಬಳೇ, ಕೊನೆಯ ಕಾಲೇಜಿನ ಒಬ್ಬ ಎತ್ತರದ ಹುಡುಗಿ. ಇಬ್ಬರ ನಡುವೆ ಕೂದಲೆಳೆಯ ಅಂತರ.

ಅಮ್ಮನ ಫೋನು ಬಂತು.

"ಏನೇ, ಊಟ ಸೇರ್ತಿದ್ಯಾ?"

"ಹೂಂ ಅಮ್ಮ."

"ಅವಳಿಗೆ?"

"ಅವಳಿಗೂ."

"ಆ ಸೀಟು ಸಿಕ್ಕಿದ್ರೆ ನಮ್ಮ ಮನೆ ದಿಕ್ಕೇ ಬದಲಾಗುತ್ತೆ ಕಣೆ. ಇನ್ನೆರಡು ವರ್ಷ ತಾನೆ. ಆಮೇಲೆ ನಿನ್ನ ಸರದಿ." ದನಿ ತಗ್ಗಿಸಿ, "ಗಂಟೆ ಹೊಡೆಯೋಳು ನೀನೇ ತಾನೆ? ಸ್ವಲ್ಪ ನೋಡ್ಕೊಂಡು ಹೊಡಿ" ಎಂದಳು.

"ಅಮ್ಮ!"

"ತಮಾಷೆಗೆ ಅಂದೆ."

ಅಮ್ಮನ ತಮಾಷೆಗೆ ಯಾವಾಗಲೂ ಒಂದು ಕಾಲು ಇರುತ್ತದೆ. ನಡೆದುಕೊಂಡು ಬಂದು ಒಳಗೆ ಕೂತುಬಿಡುತ್ತದೆ.

ನವೆಂಬರ್ ೧೦, ಸೋಮವಾರ

ಹೇಗೆ ಬರೆಯಲಿ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೂರನೆಯ ಕಾಲೇಜು. ಹಳೆಯ ಕಟ್ಟಡ, ಮರದ ಬೆಂಚುಗಳು, ಎತ್ತರದ ಕಿಟಕಿಗಳು. ತಂಗಿ ಮೂರನೆಯವಳಾಗಿ ಎದ್ದಳು. ನಾಲ್ಕು ನಿಮಿಷ ನೀರು ಹರಿದಂತೆ ಮಾತಾಡಿದಳು. ಐದನೆಯ ನಿಮಿಷದಲ್ಲಿ ನಿಂತುಬಿಟ್ಟಳು. ಕೆಮ್ಮಲ್ಲ, ಉಸಿರಲ್ಲ, ಮಾತೇ ಹೋಯಿತು. ಸಭೆ ಪೂರಾ ನಿಶ್ಶಬ್ದ. ಅವಳ ಕೈ ಮುಂದಲೆಗೆ ಹೋಯಿತು. ಹದಿನೆಂಟು ಸೆಕೆಂಡು. ಆಮೇಲೆ ದಾರಿ ಸಿಕ್ಕಿ ಮತ್ತೆ ಹೊರಟಳು. ಆರಕ್ಕೆ ಒಂದು ಗಂಟೆ ಬಾರಿಸಿದೆ.

ಏಳಾಯಿತು. ಅವಳಿನ್ನೂ ಕೊನೆಗೆ ಬಂದಿರಲಿಲ್ಲ. ಕೈ ಗಂಟೆಯ ಮೇಲೇ ಇತ್ತು. ಎತ್ತಲಿಲ್ಲ. ಏಳು ಐದು, ಏಳು ಹತ್ತು, ಮುಳ್ಳು ನನ್ನ ಕಣ್ಣೆದುರೇ ಹೋಗುತ್ತಿತ್ತು. ಅವಳ ಕಡೆಯ ವಾಕ್ಯದ ಕಡೆಯ ಪದ ಬಿದ್ದ ಮೇಲೆ ಎರಡು ಸಲ ಬಾರಿಸಿದೆ. ಏಳು ನಿಮಿಷ ಇಪ್ಪತ್ತು ಸೆಕೆಂಡು. ಜನ ಚಪ್ಪಾಳೆ ತಟ್ಟಿದರು. ಯಾರೊಬ್ಬರೂ ಗೋಡೆಯ ಗಡಿಯಾರ ನೋಡಲಿಲ್ಲ. ಗಂಟೆ ಇದ್ದ ಮೇಲೆ ಗಡಿಯಾರ ಯಾರು ನೋಡುತ್ತಾರೆ?

ಹಾಳೆಯಲ್ಲಿ ಏಳು ಎಂದು ಬರೆದು ಮುಂದೆ ಎರಡು ಸೊನ್ನೆ ಹಾಕಿದೆ.

ಅವಳ ನಂತರ ಎದುರು ಪಕ್ಷದ ಹುಡುಗ ಎದ್ದ. ಅವನಿಗೆ ತೊದಲು. ಒಂದೊಂದು ಪದಕ್ಕೂ ಗುಡ್ಡ ಹತ್ತಿದ ಹಾಗೆ. ಏಳು ನಿಮಿಷವಾದಾಗ ಒಂದು ಪದದ ಅರ್ಧದಲ್ಲಿದ್ದ. ಸರಿಯಾಗಿ ಏಳಕ್ಕೆ ಎರಡು ಸಲ ಬಾರಿಸಿದೆ. ಉಳಿದರ್ಧ ಪದವನ್ನು ಬಾಯಲ್ಲೇ ಇಟ್ಟುಕೊಂಡು ಕೂತುಕೊಂಡ.

ಅವರು ಸೋತರು.

ಎಲ್ಲ ಮುಗಿದು ಗಂಟೆಗೆ ಬಟ್ಟೆ ಸುತ್ತುತ್ತಿದ್ದೆ. ಆ ಹುಡುಗ ನನ್ನ ಮೇಜಿನ ಬಳಿ ಬಂದ. ಸ್ಟಾಪ್‌ವಾಚ್ ತೋರಿಸಿ, ಕೈಯನ್ನು ಎದೆಯ ಮೇಲಿಟ್ಟು ಏನೋ ಹೇಳತೊಡಗಿದ. ತುಂಬ ಹೊತ್ತು ಹಿಡಿಯಿತು. ನನಗೆ ತಿಳಿಯಲಿಲ್ಲ. ಸರ್ ಬಂದು ಕೇಳಿಸಿಕೊಂಡು ಹೇಳಿದರು:

"ಎಲ್ಲ ಕಡೆ ಇವನ ಮೇಲೆ ಕನಿಕರಪಟ್ಟು ಹೆಚ್ಚಿಗೆ ಸಮಯ ಕೊಡ್ತಾರಂತೆ. ಅದು ಇವನಿಗೆ ಅವಮಾನ ಆಗುತ್ತಂತೆ. ನೀವು ಎಲ್ಲರಿಗೂ ಒಂದೇ ಗಂಟೆ ಹೊಡೆದ್ರಿ, ಅದಕ್ಕೆ ಥ್ಯಾಂಕ್ಸ್ ಅಂತಿದ್ದಾನೆ."

ನಾನು ತಲೆ ತಗ್ಗಿಸಿದೆ. ನನ್ನದು ನಾಚಿಕೆ ಸ್ವಭಾವ ಎಂದುಕೊಂಡಿರಬೇಕು. ನಕ್ಕು ಹೋದ.

ನವೆಂಬರ್ ೧೧, ಮಂಗಳವಾರ, ಬೆಳಿಗ್ಗೆ

ಊಟ ಸೇರಲಿಲ್ಲ. ಆ ಅರ್ಧ ಪದ ಯಾವುದಿರಬಹುದು.

ಅದೇ ದಿನ, ರೈಲಿನಲ್ಲಿ

ಕೊನೆಯ ಊರಿಗೆ ಐದು ಗಂಟೆಯ ಪ್ರಯಾಣ. ಗಿಣಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿದ್ದಾಳೆ. ತಂಗಿ ಮಡಿಲಲ್ಲಿ ಕಾಗದ ಇಟ್ಟುಕೊಂಡು ಕೊನೆಯ ಭಾಷಣ ಬರೆಯುತ್ತಿದ್ದಾಳೆ. ಸರ್ ಬಾಗಿಲ ಬಳಿ ಒಬ್ಬರೇ ನಿಂತಿದ್ದರು. ಹೋಗಿ ಎಲ್ಲ ಹೇಳಿಬಿಟ್ಟೆ.

ಅವರು ಹೊರಗೆ ನೋಡುತ್ತಲೇ ಇದ್ದರು. ಆಮೇಲೆ, "ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ" ಎಂದರು.

"ಮತ್ತೆ ಹೇಳ್ತೀನಿ ಸರ್."

"ಗಂಟೆಯಕ್ಕ, ರೈಲಿನ ಸದ್ದು. ಮತ್ತೆ ಹೇಳಿದ್ರೂ ಕೇಳಿಸಲ್ಲ."

"ಆ ಹುಡುಗನಿಗೆ ಇಪ್ಪತ್ತು ಸೆಕೆಂಡ್ ಸಿಕ್ಕಿದ್ರೆ ಅವನೂ ಮುಗಿಸ್ತಿದ್ದ."

ಆಗ ಅವರು ನನ್ನ ಕಡೆ ತಿರುಗಿದರು. "ನೋಡಿ, ನಾನು ಹದಿನೇಳು ವರ್ಷದಿಂದ ತಂಡ ಕಟ್ತಿದ್ದೀನಿ. ಒಂದು ಸಲವೂ ಇಷ್ಟು ದೂರ ಬಂದಿಲ್ಲ. ನಿಮ್ಮ ತಂಗಿ ಜೀವನದ ಪ್ರಶ್ನೆ. ಇಪ್ಪತ್ತು ಸೆಕೆಂಡಿಗೆ ಯಾರೂ ಸಾಯಲ್ಲ. ಹಾಳೇಲಿ ಏನಿದೆಯೋ ಅದೇ ಸತ್ಯ."

"ಹಾಳೇಲಿ ಬರೆದಿದ್ದು ನಾನೇ ಅಲ್ವಾ ಸರ್?"

"ಹಾಗಾದ್ರೆ ನಿಮಗೇ ಗೊತ್ತು," ಎಂದು ಸೀಟಿಗೆ ಹೋಗಿ ಕೂತರು.

ತರ್ಕ ಕಲಿಸುವವರ ಜೊತೆ ಇಷ್ಟು ಹೊತ್ತು ನಿಂತು ಮಾತಾಡಿದೆನಲ್ಲ ಎಂದು ಈಗ ನನಗೇ ನಂಬಲಾಗುತ್ತಿಲ್ಲ. ಬಾಯಾರಿತು. ತಳ್ಳುಗಾಡಿಯವನನ್ನು ನಿಲ್ಲಿಸಿ ನೀರು ತೆಗೆದುಕೊಂಡೆ.

ನವೆಂಬರ್ ೧೨, ಬುಧವಾರ

ನಾಳೆ ಮಧ್ಯಾಹ್ನ ಕೊನೆಯ ವಾದ. ವಿಷಯ: ಒಬ್ಬರು ಬಿಟ್ಟುಕೊಟ್ಟು ಇನ್ನೊಬ್ಬರು ಮೇಲೇಳುವುದು ನ್ಯಾಯವೇ? ಚೀಟಿ ಎತ್ತಿದಾಗ ನಮ್ಮವರಿಗೆ ಬಂದದ್ದು 'ನ್ಯಾಯ' ಎಂಬ ಪಕ್ಷ.

ಹುಡುಗಿಯರು ಅವರ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ತಂಗಿಯ ದನಿ ಒಂದು ಕಡೆ ತುಂಬ ಮೆತ್ತಗಾಯಿತು. ಈ ಭಾಷಣ ಮನೆಯಲ್ಲಿ ಒಪ್ಪಿಸಿದ್ದಲ್ಲ, ನನಗೆ ತಿಳಿಯಲಿಲ್ಲ. ಗಿಣಿಯನ್ನು ಕೇಳಿದೆ.

"ನಿಮ್ಮ ಕಥೇನೇ ಗಂಟೆಯಕ್ಕ! ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ, ತಂಗಿನ ಸೊಂಟದ ಮೇಲೆ ಎತ್ಕೊಂಡು ಪಕ್ಕದ ಮನೆ ಮಕ್ಕಳ ಪುಸ್ತಕ ಓದ್ತಿದ್ಲು ಅಂತ. ಜಡ್ಜುಗಳು ಅಳೋದು ಗ್ಯಾರಂಟಿ."

ತಂಗಿ ನನ್ನತ್ತ ನೋಡಲಿಲ್ಲ. "ಹೆಸರೇನೂ ಹೇಳ್ತಿಲ್ಲ," ಎಂದಳು. "ಯಾರಿಗೂ ಗೊತ್ತಾಗಲ್ಲ. ಪರವಾಗಿಲ್ಲ ಅಲ್ವಾ?"

ಕಾಲರಿನ ಅಂಚು ಸರಿ ಕೂರುತ್ತಿರಲಿಲ್ಲ. ಇನ್ನೊಮ್ಮೆ ಉಜ್ಜಿದೆ.

ಅದು ನಡೆದದ್ದೇ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಾಗ ನಾನು ಐದನೆಯ ತರಗತಿ ಮುಗಿಸಿದ್ದೆ, ತಂಗಿಗೆ ನಾಲ್ಕು ವರ್ಷ. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. "ಇವಳೊಂದು ಶಾಲೆಗೆ ಸೇರಲಿ, ಆಮೇಲೆ ನೀನು ಹೋಗುವೆಯಂತೆ" ಎಂದಳು ಅಮ್ಮ. ಅವಳು ಸೇರಿದಳು. ಆಮೇಲೆ ಅವಳ ಹತ್ತನೇ ತರಗತಿ ಮುಗಿಯಲಿ ಎಂದಾಯಿತು. ಆಮೇಲೆ ಡಿಗ್ರಿ. ಮೊನ್ನೆ ಫೋನಿನಲ್ಲಿ ಇನ್ನೆರಡು ವರ್ಷ.

ಗಿಣಿ ಸಮಯ ನೋಡಿದಳು. "ಏಳು ಇಪ್ಪತ್ತು ಆಗ್ತಿದೆ ಕಣೆ. ಕೊನೇದನ್ನ ಕತ್ತರಿಸು."

"ಕೊನೇ ಮಾತೇ ಪ್ರಾಣ. ಅದು ಇರಲಿ," ಎಂದಳು ತಂಗಿ. "ಅಲ್ಲಿ ಸರಿಹೋಗುತ್ತೆ."

ಅಂಗಿ ಮಡಿಸಿ ಕುರ್ಚಿಯ ಮೇಲಿಟ್ಟು ಬಂದೆ.

ನವೆಂಬರ್ ೧೩, ಗುರುವಾರ, ಬೆಳಿಗ್ಗೆ

ಹಾಳೆಗಳನ್ನು ಕೊಡುವ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಕನ್ನಡಕ ಹಾಕಿದ ಗುಮಾಸ್ತೆ ಒಬ್ಬಳೇ ಇದ್ದಳು. ಮೂರು ಹಾಳೆಗಳನ್ನೂ ಮೇಜಿನ ಮೇಲಿಟ್ಟೆ. ಕೈ ತೆಗೆಯಲಾಗಲಿಲ್ಲ. ಅವಳು ಕಾದಳು. ನಾನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿ ಪೆನ್ನು ಕೇಳಿದೆ. ಕೊಟ್ಟಳು.

ಮೂರನೆಯ ಹಾಳೆ ತೆಗೆದು, ತಂಗಿಯ ಸಾಲಿನಲ್ಲಿದ್ದ ಎರಡು ಸೊನ್ನೆಯನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದೆ. ಪಕ್ಕದಲ್ಲಿ ಸಹಿ. ಅಂಕಿಗೆ ಯಾವ ಭಾಷೆಯೂ ಬೇಡ. ಅವಳು ಹಾಳೆ ನೋಡಿ, ನನ್ನನ್ನು ನೋಡಿ, ಎರಡು ಬೆರಳು ಎತ್ತಿದಳು. ಎರಡು ಅಂಕ ಹೋಗುತ್ತದೆ, ಗೊತ್ತಲ್ಲ, ಎಂದು.

ತಲೆಯಾಡಿಸಿದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೇನೆ. ತಂಗಿಗೆ ಹೇಳಿಲ್ಲ. ವಾದಕ್ಕೆ ಮೊದಲು ಹೇಳಿದರೆ ಮತ್ತೆ ಮಾತು ನಿಂತುಹೋಗುತ್ತದೆ ಎಂಬ ಹೆದರಿಕೆ. ಇಂದು ಚೆನ್ನಾಗಿ ಮಾತಾಡಿದರೆ ಎರಡು ಅಂಕ ಏನು ಮಹಾ, ಮೇಲೆ ಬಂದೇ ಬರುತ್ತಾಳೆ. ಬರಬೇಕು.

ಅದೇ ದಿನ, ಸಂಜೆ

ಸಭಾಂಗಣ ತುಂಬಿತ್ತು. ಬಾಗಿಲ ಬಳಿ ಆ ತೊದಲುವ ಹುಡುಗನೂ ನಿಂತಿದ್ದ. ಬೇರೆ ಕಾಲೇಜಿನವರೆಲ್ಲ ನೋಡಲು ಬಂದಿದ್ದಾರಂತೆ.

ಎತ್ತರದ ಹುಡುಗಿ ಮೊದಲು ಮಾತಾಡಿದಳು. ಆರು ನಿಮಿಷ ಐವತ್ತು ಸೆಕೆಂಡಿಗೆ ಮುಗಿಸಿ ಕೂತಳು. ತಂಗಿ ಕೊನೆಯಲ್ಲಿ ಎದ್ದಳು.

ಅಷ್ಟು ಚೆನ್ನಾಗಿ ಅವಳು ಎಂದೂ ಮಾತಾಡಿಲ್ಲ. ನನ್ನ ಕಥೆ ಬಂದಾಗ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಆ ಅಕ್ಕ ಅವಳಿಂದ ನಾಲ್ಕು ಮಾರು ದೂರದಲ್ಲಿ ಗಂಟೆ ಹಿಡಿದು ಕೂತಿದ್ದಾಳೆಂದು ಅವಳಿಗೇನು ಗೊತ್ತು. ಆರು ನಿಮಿಷ. ಒಂದು ಗಂಟೆ. ತಂಗಿ ಅವಸರಪಡಲಿಲ್ಲ. ನಿಧಾನವಾಗಿ, ತೂಗಿ ತೂಗಿ ಮಾತಾಡಿದಳು, ಜೇಬಿನಲ್ಲಿ ಇನ್ನೂ ಬೇಕಾದಷ್ಟು ಇದೆ ಎನ್ನುವವರ ಹಾಗೆ. ಆರು ಐವತ್ತಕ್ಕೆ ನನ್ನ ಕಡೆ ನೋಡಿದಳು. ಇಷ್ಟು ದಿನದಲ್ಲಿ ಸಭೆಯೊಳಗೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ಸಣ್ಣಗೆ ನಕ್ಕಂತಿತ್ತು. ನಿನ್ನೆ ಅಂದ ಮಾತು ನನಗೆ ಆಗ ತಿಳಿಯಿತು. ಅಲ್ಲಿ ಸರಿಹೋಗುತ್ತೆ.

ಕೊನೆಯ ಮಾತಿಗೆ ಉಸಿರು ಎಳೆದುಕೊಂಡಳು. ಬಾಯಿ ತೆರೆದಳು.

ಏಳು.

ಎರಡು ಸಲ ಬಾರಿಸಿದೆ.

ಗಂಟೆಯ ಸದ್ದು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ತಂಗಿ ತೆರೆದ ಬಾಯಿಯಲ್ಲೇ ನನ್ನನ್ನು ನೋಡುತ್ತ ನಿಂತಳು. ಮಾತಾಡಿದರೆ ಅಂಕ ಹೋಗುತ್ತದೆ, ಆಡದಿದ್ದರೆ ಮಾತು ಹೋಗುತ್ತದೆ. ಬಾಯಿ ಮುಚ್ಚಿದಳು. ಕೂತಳು.

ನವೆಂಬರ್ ೧೪, ಶುಕ್ರವಾರ

ಬೆಳಿಗ್ಗೆ ಅಂಕಗಳನ್ನು ಓಣಿಯ ಹಲಗೆಗೆ ಅಂಟಿಸಿದ್ದರು. ಎತ್ತರದ ಹುಡುಗಿಗೆ ೩೩೨. ತಂಗಿಗೆ ೩೩೧. ಮೂರನೆಯ ವಾದದ ಎದುರು ಕೆಂಪು ಶಾಯಿಯಲ್ಲಿ 'ಕಡಿತ ೨'.

ಗಿಣಿ ಮೂರು ಸಲ ಓದಿದಳು, ಗಟ್ಟಿಯಾಗಿ, ಓದಿದರೆ ಬದಲಾಗುತ್ತದೆ ಎಂಬಂತೆ. ಸರ್ ಹಲಗೆಗೆ ಬೆನ್ನು ತಿರುಗಿಸಿ ನಿಂತರು. ತಂಗಿ ಆ ಕೆಂಪು ಅಂಕಿಯ ಮೇಲೆ ಬೆರಳಿಟ್ಟಳು.

"ಇದೇನು?"



"ಅವತ್ತು ಇಪ್ಪತ್ತು ಸೆಕೆಂಡ್ ತಡವಾಗಿ ಹೊಡೆದೆ," ಎಂದೆ. "ಅದನ್ನ ಬರೆದೆ."

"ತಡವಾಗಿ ಹೊಡೆದದ್ದು ನನಗೆ ಗೊತ್ತಿಲ್ವಾ? ಬರಿ ಅಂದಿದ್ದು ಯಾರು?"

"ಯಾರೂ ಅನ್ನಲಿಲ್ಲ."

"ಕೊಟ್ಟಿದ್ದನ್ನ ವಾಪಸ್ ಕಿತ್ಕೋತಾರಾ ಯಾರಾದ್ರೂ?"

"ನನ್ನದನ್ನ ಕೊಟ್ಟಿದ್ರೆ ಕಿತ್ಕೋತಿರಲಿಲ್ಲ. ಅದು ಆ ಹುಡುಗಂದು."

"ಇಡೀ ಭಾಷಣ ನಿನ್ನ ನಂಬ್ಕೊಂಡು ಬರೆದಿದ್ದೆ ಅಕ್ಕ!" ಓಣಿ ಪೂರಾ ತಿರುಗಿ ನೋಡಿತು. "ನೀನು ಕಾಯ್ತೀಯ ಅಂತ! ಯಾವಾಗಲೂ ಕಾಯ್ತಿದ್ದೆ ತಾನೆ? ಆ ಇಪ್ಪತ್ತು ಸೆಕೆಂಡಲ್ಲಿ ನಿನ್ನ ಗಂಟೇನು ಹೋಗ್ತಿತ್ತು?"

ಸರ್ "ಮೆಲ್ಲಗೆ, ಮೆಲ್ಲಗೆ" ಎಂದರು. ಗಿಣಿ, "ಇನ್ನೇನು ಮೆಲ್ಲಗೆ ಸರ್, ಅಕ್ಕ ತಂಗಿ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ" ಎಂದಳು.

ತಂಗಿ ಹೊರಟುಹೋದಳು. ನಾನು ಹಿಂದೆ ಓಡಲಿಲ್ಲ. ಏಕೆ ಓಡಲಿಲ್ಲ ಎಂದು ಈಗ ಬರೆಯುವಾಗ ಆಶ್ಚರ್ಯ. ಮೊದಲಾಗಿದ್ದರೆ ಚಪ್ಪಲಿ ಹಾಕುವಷ್ಟೂ ನಿಲ್ಲುತ್ತಿರಲಿಲ್ಲ.

ಅಮ್ಮನಿಗೆ ಫೋನು ಮಾಡಿ ನಾನೇ ಹೇಳಿದೆ. ಅಮ್ಮ ಅತ್ತಳು. ಆಮೇಲೆ, "ಹೆತ್ತ ಹೊಟ್ಟೆ ಉರಿಸಿದೆ ಕಣೆ" ಎಂದಳು. ನಾನು "ಹೂಂ" ಎಂದೆ. ಬೇರೆ ಏನು ಹೇಳಲಿ. ಉರಿದದ್ದು ನಿಜ.

ನವೆಂಬರ್ ೧೫, ಶನಿವಾರ

ವಿಮಾನ ನಾಲ್ಕು ಗಂಟೆ ತಡ. ದೊಡ್ಡ ಗಾಜಿನ ಗೋಡೆ, ಸಾಲು ಸಾಲು ಕುರ್ಚಿಗಳು, ಮಧ್ಯಾಹ್ನದ ಬಿಸಿಲು ನೆಲದ ಮೇಲೆ. ಸರ್ ಪತ್ರಿಕೆಯ ಹಿಂದೆ ಇದ್ದಾರೆ. ಗಿಣಿ ಅಂಗಡಿಗಳನ್ನು ನೋಡಲು ಹೋದಳು. ತಂಗಿ ನಿನ್ನೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ. ಒಂದು ಕುರ್ಚಿ ಬಿಟ್ಟು ಕೂತಿದ್ದಳು.

ಅವಳ ಕಣ್ಣು ಊದಿತ್ತು. ಎರಡು ವರ್ಷದ ಓದು. ಅವಳು ಅದಕ್ಕೆ ತಕ್ಕವಳು. ಕಿತ್ತುಕೊಂಡ ಕೈ ನನ್ನದೇ. ಕ್ಷಮಿಸು ಎಂದು ಹೇಳಲು ನಾಲಿಗೆಯ ತುದಿಗೆ ಬಂತು. ಆದರೆ ಮತ್ತೆ ಅಂಥದೇ ಸಂದರ್ಭ ಬಂದರೆ ಮತ್ತೆ ಹಾಗೆಯೇ ಬರೆಯುವವಳು ನಾನು. ಹಾಗಿರುವಾಗ ಕ್ಷ‌ಮಿಸು ಎನ್ನುವುದು ಹೇಗೆ?

ಬಹಳ ಹೊತ್ತಿನ ಮೇಲೆ ಅವಳೇ ಅಂದಳು, ಎದುರಿನ ಗಾಜು ನೋಡುತ್ತ. "ಕೊನೇ ಮಾತು ಏನಿತ್ತು ಗೊತ್ತಾ?"

"ಗೊತ್ತಿಲ್ಲ. ಈಗ ಹೇಳು."

"'ಆ ಅಕ್ಕನಿಗೆ ಇದರ ಬಗ್ಗೆ ಒಂದಿಷ್ಟೂ ಬೇಸರ ಇಲ್ಲ. ಬೇಕಾದರೆ ಅವಳನ್ನೇ ಕೇಳಿ.' ಅಲ್ಲಿಗೆ ಮುಗಿಯೋದು."

ಗಾಜಿನ ಆಚೆ ಒಂದು ವಿಮಾನ ನಿಧಾನವಾಗಿ ತಿರುಗುತ್ತಿತ್ತು.

"ನೀನು ಕೇಳಿದ್ಯಾ?" ಎಂದೆ.

"ಯಾರನ್ನ?"

"ಅವಳನ್ನ."

ತಂಗಿ ತಿರುಗಿ ನೋಡಿದಳು. ಮುಂದಲೆಗೆ ಹೋದ ಕೈ ಅಲ್ಲೇ ನಿಂತಿತು. ವಾದಿಸಲು ಬಾಯಿ ತೆರೆದಳು. ಅವಳಿಗೆ ಉತ್ತರ ಸಿಗದಿರುವುದನ್ನು ನಾನು ಅದೊಂದು ಸಲ, ಮೂರನೆಯ ಕಾಲೇಜಿನಲ್ಲಿ ನೋಡಿದ್ದೆ. ಇದು ಎರಡನೆಯ ಸಲ. ಹದಿನೆಂಟು ಸೆಕೆಂಡಿಗಿಂತ ಹೆಚ್ಚಾಗಿರಬೇಕು. ನಾನು ಎಣಿಸಲಿಲ್ಲ.

ಆಮೇಲೆ ಎದ್ದು ಬಂದು ನಡುವಿನ ಕುರ್ಚಿಯಲ್ಲಿ ಕೂತಳು. ನನ್ನ ಕೈಚೀಲಕ್ಕೆ ಕೈ ಹಾಕಿ ಸ್ಟಾಪ್‌ವಾಚ್ ತೆಗೆದಳು. ಮೂಗು ಒರೆಸಿಕೊಂಡು, ಸಭೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು.

"ಈಗ ವಿರೋಧ ಪಕ್ಷದವರು. ಏಳು ನಿಮಿಷ."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ ಅಕ್ಕ. ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ. ಆದರೂ ಮಾತಾಡು." ಗುಂಡಿ ಒತ್ತಿದಳು.

ನನಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಪಕ್ಕದ ಮನೆಯವರ ಆರನೇ ತರಗತಿಯ ಪುಸ್ತಕದಿಂದ ಶುರು ಮಾಡಿದೆ. ಅದರ ಕೊನೆಯ ಪಾಠ ಓದುವ ಮೊದಲೇ ಅವರು ಮನೆ ಖಾಲಿ ಮಾಡಿದ್ದರು. ಆ ಪಾಠದಲ್ಲಿ ಏನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ ಎಂದೆ. ಅವಳ ಟೈಫಾಯ್ಡ್ ವಾಸಿಯಾದ ದಿನ ಖುಷಿಯಿಂದ ಅತ್ತದ್ದು ಹೌದು, ಆದರೆ ಪಾಸ್‌ಪೋರ್ಟ್ ಪೆಟ್ಟಿಗೆಯಲ್ಲಿಡುವಾಗ ಅತ್ತದ್ದು ಬೇರೆ ಎಂದೆ. ಬೇಸರ ಇದೆ, ನಿನ್ನ ಮೇಲಲ್ಲ, ಆದರೆ ಇದೆ, ಎಂದೆ. ಕಾಲೇಜಿನಲ್ಲಿ ದಿನಕ್ಕೆ ಎಂಟು ಸಲ ಗಂಟೆ ಹೊಡೆಯುತ್ತೇನೆ, ಒಂದು ಸಲವೂ ಯಾವ ತರಗತಿಯ ಒಳಗೂ ಕೂತಿಲ್ಲ ಎಂದೆ. ನನಗೆ ಏಳನೇ ತರಗತಿಯ ಪರೀಕ್ಷೆ ಕಟ್ಟಬೇಕು. ಇನ್ನೆರಡು ವರ್ಷ ಬಿಟ್ಟಲ್ಲ. ಈ ಸಲವೇ.

ಇಷ್ಟು ಹೇಳುವಷ್ಟರಲ್ಲಿ ಮಾತು ಮುಗಿದುಹೋಯಿತು. ಇಪ್ಪತ್ತಾರು ವರ್ಷದ್ದು ಇಷ್ಟೇನಾ ಎಂದು ನನಗೇ ನಾಚಿಕೆಯಾಯಿತು. "ಮುಗೀತು" ಎಂದೆ.

ತಂಗಿ ಸ್ಟಾಪ್‌ವಾಚ್ ನೋಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗುಂಡಿಯನ್ನೂ ಒತ್ತಲಿಲ್ಲ.

"ಇನ್ನೂ ನಾಲ್ಕು ನಿಮಿಷ ಇದೆ," ಎಂದಳು.